ರೋಗತಪಾಸಣೆಯೂ ದುಡಿಯುವವರ ಹೊತ್ತೂ

ಮೂವತ್ತು ವರ್ಷ ದಾಟಿದವರ ರಕ್ತದೊತ್ತಡವನ್ನೂ ರಕ್ತದಲ್ಲಿನ ಸಕ್ಕರೆಯನ್ನೂ ಉಚಿತವಾಗಿ ಪರೀಕ್ಷಿಸುವ ಏರ್ಪಾಡು ನಮ್ಮಲ್ಲಿ ಇಲ್ಲದಿಲ್ಲ. ಕೇಂದ್ರ ಸರ್ಕಾರದವರು 2010ರಲ್ಲಿಯೇ ಈ ಕಾರ್ಯಕ್ಕೆ ಕೈಹಾಕಿದರು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನೂರಕ್ಕೂ ಹೆಚ್ಚು ‘ನಮ್ಮ ಕ್ಲಿನಿಕ್’ಗಳು ತೆರೆದವು, 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಆರಂಭವಾದ ‘ಗೃಹ ಆರೋಗ್ಯ’ ಯೋಜನೆಯು ಮಾರನೆಯ ವರ್ಷ ಇತರ ಜಿಲ್ಲೆಗಳಿಗೂ ವ್ಯಾಪಿಸಿತು. ಇಷ್ಟಾದರೂ ಜನರು ಬರುವುದಿಲ್ಲವೆಂಬ ದೂರು ಕೇಳಿಬರುತ್ತಿದೆ. ಜನರಿಗೆ ತಿಳಿವಳಿಕೆ ಸಾಲದೆಂದು ಹೇಳುವ ಕಾರಣವನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು.

ದೊಮ್ಮಲೂರನ್ನೇ ನೋಡಬಹುದು. ಚೊಕ್ಕನಾಥಸ್ವಾಮಿಯ ಗುಡಿಯ ಸುತ್ತಣ ಹಳೆಯ ಊರಿಗೂ ಗಾಜಿನ ಗೋಡೆಯ ಹೊಸ ಕಛೇರಿಗಳಿಗೂ ನಡುವಣ ಅಂತರ ಬಹಳವಿಲ್ಲ. ಆ ಕಛೇರಿಗಳ ಉದ್ಯೋಗಸ್ಥರಲ್ಲಿ ಅನೇಕರಿಗೆ ಕಂಪನಿಯ ವೆಚ್ಚದಲ್ಲಿಯೇ ವರ್ಷಕ್ಕೊಮ್ಮೆ ದೇಹಪರೀಕ್ಷೆ ನಡೆಯುತ್ತದೆ. ಅದೇ ಬಾಗಿಲಲ್ಲಿ ನಿಲ್ಲುವ ಕಾವಲುಗಾರನೂ, ಕಾರು ನಡೆಸುವವನೂ, ಗುಡಿಸುವ ಹೆಂಗಸೂ ಬೆಳಿಗ್ಗೆ ಮನೆ ಬಿಟ್ಟರೆ ದೀಪ ಹಚ್ಚಿದ ಮೇಲೆ ಹಿಂತಿರುಗತಕ್ಕವರು. ‘ನಮ್ಮ ಕ್ಲಿನಿಕ್’ಗಳನ್ನು ತೆರೆದಾಗ ಗೊತ್ತುಮಾಡಿದ ವೇಳೆಯಾದರೋ ಬೆಳಿಗ್ಗೆ 9ರಿಂದ ಸಂಜೆ 4-30ರವರೆಗೆ. ಪರೀಕ್ಷೆಗೆ ಕಾಸು ಕೊಡಬೇಕಾಗಿಲ್ಲ, ನಿಜ. ಆ ದಿನದ ಕೂಲಿ ಹೋಗುತ್ತದೆಯಷ್ಟೆ! ಆಶಾ ಕಾರ್ಯಕರ್ತೆಯರು ಹಗಲಿನಲ್ಲಿ ಮನೆಗೆ ಬಂದಾಗ ಸಿಕ್ಕುವವರು ಮುದುಕರು, ಮನೆಯಲ್ಲಿರುವ ಹೆಂಗಸರು. ದುಡಿಯುವವನ ಹೆಸರು ಪುಸ್ತಕದಲ್ಲಿರುತ್ತದೆ, ಅವನ ತೋಳು ಪಟ್ಟಿಗೆ ಸಿಕ್ಕುವುದಿಲ್ಲ.

1898ರ ಪ್ಲೇಗಿನ ಕಾಲದಲ್ಲಿ ತಪಾಸಣೆಯವರಿಗೆ ಹೆದರಿ ಜನರು ರೋಗಿಗಳನ್ನು ಬಚ್ಚಿಟ್ಟರು. ಇಂದು ರೋಗವೇ ದೇಹದೊಳಗೆ ಬಚ್ಚಿಟ್ಟುಕೊಂಡಿರುತ್ತದೆ. ದೇಶದಲ್ಲಿ ಮಧುಮೇಹಿಗಳು ಹತ್ತು ಕೋಟಿ, ರಕ್ತದೊತ್ತಡವುಳ್ಳವರು ಮೂವತ್ತೊಂದು ಕೋಟಿಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನ ಸಮೀಕ್ಷೆಯು 2023ರಲ್ಲಿ ಅಂದಾಜು ಮಾಡಿತು. ನೋವಿಲ್ಲ, ಜ್ವರವಿಲ್ಲ, ನಲವತ್ತೈದರ ಪ್ರಾಯದಲ್ಲಿ ಒಂದು ಬೆಳಿಗ್ಗೆ ಪಾರ್ಶ್ವವಾಯು ಬಡಿದ ಮೇಲೆಯೇ ಮನೆಯವರಿಗೆ ತಿಳಿಯುವುದು. ಆಮೇಲೆ ಮನೆಬಾಡಿಗೆ ಕೊಡುವವರಾರು, ಮಕ್ಕಳ ಶಾಲೆಯ ಶುಲ್ಕ ಕಟ್ಟುವವರಾರು?

ಜನರ ತಪ್ಪೇ ಇಲ್ಲವೆಂದು ನಮ್ಮ ವಾದವಲ್ಲ. ‘ನನಗೇನಾಗಿದೆ?’ ಎಂದು ಬೀಡಿ ಹಚ್ಚುವವರಿದ್ದಾರೆ. ರೋಗ ಹೊರಬಿದ್ದರೆ ಕೆಲಸ ಹೋದೀತೆಂದು ಅಂಜುವ ಚಾಲಕರೂ ಇದ್ದಾರೆ. ಆದರೆ ಈ ಮಾತ್ರೆಗಳು ದಿನವೂ ನುಂಗಬೇಕಾದುವು. ಧೈರ್ಯ ಮಾಡಿ ಬಂದವನಿಗೆ ‘ಮಾತ್ರೆ ಮುಗಿದಿದೆ, ಮುಂದಿನ ವಾರ ಬಾ’ ಎಂಬ ಉತ್ತರ ಸಿಕ್ಕಿದರೆ ಅವನು ಮತ್ತೆ ಆ ಕಡೆ ತಲೆ ಹಾಕುವನೇ? ಮತ್ತೊಂದು ಮಾತು. ದಂಡಿನ ಪ್ರದೇಶಕ್ಕೆ ಹತ್ತಿದ ಈ ಭಾಗದಲ್ಲಿ ತಮಿಳು, ತೆಲುಗು, ಉರ್ದು ಮಾತನಾಡುವ ಮನೆಗಳು ಬಹಳ. ಕನ್ನಡದ ಪಕ್ಷಪಾತಿಗಳಾದ ನಾವೇ ಹೇಳುತ್ತೇವೆ: ರೋಗಿಗೆ ಅವನ ಮನೆಮಾತಿನಲ್ಲಿ ನಾಲ್ಕು ಮಾತು ತಿಳಿಸಿದರೆ ಕನ್ನಡಕ್ಕೆ ಯಾವ ಕುಂದೂ ಇಲ್ಲ.

ಆರೋಗ್ಯ ಇಲಾಖೆಯವರು ದುಡಿಯುವ ಜನರಿರುವ ಕಡೆಗಳಲ್ಲಿ ವಾರಕ್ಕೆ ಎರಡು ಸಂಜೆಯಾದರೂ, ಭಾನುವಾರ ಬೆಳಿಗ್ಗೆಯಾದರೂ ತಪಾಸಣೆ ನಡೆಸಲಿ. ತಿಂಗಳಿಗಾಗುವಷ್ಟು ಮಾತ್ರೆಗಳನ್ನು ಒಮ್ಮೆಗೇ ಕೊಡಲಿ. ದೊಮ್ಮಲೂರಿನ ಕಂಪನಿಗಳವರು ತಮ್ಮ ಉದ್ಯೋಗಸ್ಥರಿಗೆ ಮಾಡಿಸುವ ದೇಹಪರೀಕ್ಷೆಯ ದಿನ, ಬಾಗಿಲಲ್ಲಿರುವ ಗುತ್ತಿಗೆಯ ಕಾವಲುಗಾರನನ್ನೂ ಒಳಗೆ ಕರೆಯುವುದಕ್ಕೆ ಏನು ಅಡ್ಡಿಯಿದೆ?