ಹೆಸರೇ ಬಂಡವಾಳವಾದ ಊರು

ನೆಲವನ್ನು ನಂಬಿ ಬಾಳುವ ಊರುಗಳುಂಟು, ಮಗ್ಗವನ್ನು ನಂಬಿ ಬಾಳುವ ಊರುಗಳೂ ಉಂಟು. ಪ್ರವಾಸಿಗರನ್ನು ನಂಬಿದ ಊರಾದರೋ ತನ್ನ ಹೆಸರನ್ನೇ ನಂಬಿ ಬಾಳಬೇಕಾಗುತ್ತದೆ. ಮಳೆ ಕೈಕೊಟ್ಟರೆ ರೈತನಿಗೆ ಒಂದು ಬೆಳೆ ಹೋದೀತು. ಹೆಸರು ಕೆಟ್ಟರೆ ಇಂಥ ಊರಿಗೆ ಹಲವು ವರ್ಷಗಳ ಅನ್ನವೇ ಹೋದೀತು. ಈ ಮಾತಿಗೆ ಹಂಪೆಗಿಂತ ಸಮೀಪದ ನಿದರ್ಶನ ಕನ್ನಡಿಗರಿಗೆ ಬೇಕಿಲ್ಲ.

ಹಂಪೆಯ ಕೀರ್ತಿ ಇಂದು ನಿನ್ನೆಯದಲ್ಲ. ವಿಜಯನಗರ ಕಣ್ತೆರೆಯುವ ಮೊದಲೇ ಅದು ಪಂಪಾಕ್ಷೇತ್ರ. ಮಹಾಕವಿ ಹರಿಹರ ವಿರೂಪಾಕ್ಷನನ್ನು ಹಾಡಿ ಹೊಗಳಿದ ತಾಣ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕನೂ, ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನೂ ಆ ಮಹಾನಗರದ ವೈಭವವನ್ನು ಬರೆದಿಟ್ಟರು. 1565ರ ಯುದ್ಧದ ಬಳಿಕ ನಗರ ಹಾಳಾಯಿತು, ಹೆಸರೂ ಮಸುಕಾಯಿತು. 1900ರಲ್ಲಿ ರಾಬರ್ಟ್ ಸ್ಯೂಯೆಲ್ ತನ್ನ ಗ್ರಂಥದ ಶೀರ್ಷಿಕೆಯಲ್ಲಿಯೇ ಅದನ್ನು ಮರೆತುಹೋದ ಸಾಮ್ರಾಜ್ಯವೆಂದು ಕರೆದನು. 1986ರಲ್ಲಿ ಯುನೆಸ್ಕೋ ಹಂಪೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಅದರ ಹೆಸರು ಮತ್ತೆ ದೇಶಾಂತರಗಳಿಗೆ ಹಬ್ಬಿತು. ಆದರೆ 1999ರಲ್ಲಿ, ತುಂಗಭದ್ರೆಗೆ ಅಡ್ಡಲಾಗಿ ಕೈಗೊಂಡ ಸೇತುವೆಗಳ ಕಾಮಗಾರಿಯ ಕಾರಣದಿಂದ, ಅದೇ ಸಂಸ್ಥೆ ಅದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿಸಿತು. ಆ ಕಳಂಕ ತೊಡೆದುಹೋದದ್ದು 2006ರಲ್ಲಿ.

ಕೀರ್ತಿಯ ಏರಿಳಿತ ಎಷ್ಟು ಶೀಘ್ರವೆಂಬುದನ್ನು 2019ನೆಯ ಇಸವಿ ತೋರಿಸಿಕೊಟ್ಟಿತು. ಜನವರಿಯಲ್ಲಿ ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆ ವರ್ಷ ನೋಡಬೇಕಾದ 52 ತಾಣಗಳಲ್ಲಿ ಹಂಪೆಗೆ ಎರಡನೆಯ ಸ್ಥಾನವನ್ನಿತ್ತಿತು. ಮರುತಿಂಗಳೇ, ಕೆಲವು ತರುಣರು ಅಲ್ಲಿನ ಕಲ್ಲುಕಂಬವನ್ನು ತಳ್ಳಿ ಉರುಳಿಸುವ ಚಿತ್ರ ದೇಶವನ್ನೆಲ್ಲ ಸುತ್ತಿತು. ನ್ಯಾಯಾಲಯ ಒಬ್ಬೊಬ್ಬರಿಗೂ 70,000 ರೂಪಾಯಿ ದಂಡ ವಿಧಿಸಿತು. ಕೆಡವಿದ ಕೈಗಳಿಂದಲೇ ಕಂಬವನ್ನು ಎತ್ತಿ ನಿಲ್ಲಿಸುವಂತೆಯೂ ಮಾಡಿತು.

ಕಂಬವನ್ನು ಎತ್ತಿ ನಿಲ್ಲಿಸಬಹುದು; ವಿಶ್ವಾಸವನ್ನು ಹಾಗೆ ನಿಲ್ಲಿಸಲಾಗದು. 2025ರ ಮಾರ್ಚ್ 6ರ ರಾತ್ರಿ, ನದಿಯ ಆಚೆ ದಡದ ಸಾಣಾಪುರದ ಬಳಿ, ಕಾಲುವೆಯ ದಂಡೆಯಲ್ಲಿ ಕುಳಿತಿದ್ದ ಅತಿಥಿಗಳ ಮೇಲೆ ದುರುಳರು ಎರಗಿದರು. ವಿದೇಶಿ ಪ್ರವಾಸಿಯೊಬ್ಬಳೂ ಅವರಿಗೆ ಆತಿಥ್ಯ ನೀಡಿದ್ದ ಮಹಿಳೆಯೂ ಅತ್ಯಾಚಾರಕ್ಕೆ ಗುರಿಯಾದರು. ನೀರಿಗೆ ತಳ್ಳಲ್ಪಟ್ಟ ಮೂವರು ಸಂಗಾತಿಗಳಲ್ಲಿ ಒಡಿಶಾದ ಯುವಕನೊಬ್ಬ ಪ್ರಾಣ ಕಳೆದುಕೊಂಡನು. ಕೆಲವೇ ದಿನಗಳಲ್ಲಿ ಆರೋಪಿಗಳ ಬಂಧನವಾಯಿತು. ಅಷ್ಟರಲ್ಲಿ ಅನೇಕ ಪ್ರವಾಸಿಗರು ಊರು ಬಿಟ್ಟರು. ಬರಬೇಕಾದವರು ಬರುವುದನ್ನು ಕೈಬಿಟ್ಟರು.

ಅಪರಾಧ ಕೆಲವರದು, ನಷ್ಟ ಎಲ್ಲರದು. ಹರಿಗೋಲು ಹಾಕುವವನು, ಆಟೋ ಓಡಿಸುವವನು, ದಾರಿ ತೋರಿಸುವ ಮಾರ್ಗದರ್ಶಿ, ಎಳನೀರು ಮಾರುವವಳು, ಆನೆಗೊಂದಿಯಲ್ಲಿ ಬಾಳೆಯ ನಾರಿನಿಂದ ಬುಟ್ಟಿ ಹೆಣೆಯುವ ಹೆಣ್ಣುಮಕ್ಕಳು, ಹೊಸಪೇಟೆಯ ಹೋಟೆಲಿನ ಮಾಣಿ, ಇವರಾರೂ ಆ ಹೆಸರನ್ನು ಕೆಡಿಸಿದವರಲ್ಲ. ಆದರೂ ಮೊದಲು ಬರಿದಾಗುವುದು ಇವರ ಜೇಬೇ. ಊರಿನ ಹೆಸರು ಊರಿನ ಕೆರೆಯಂತೆ; ಒಬ್ಬನು ಕೊಳೆ ಬೆರೆಸಿದರೂ ನೀರು ಎಲ್ಲರ ಮನೆಯಲ್ಲಿಯೂ ಕೆಡುತ್ತದೆ.

ಇಂಥ ಸಂದರ್ಭದಲ್ಲಿ ಆಳುವವರಿಗೂ ವ್ಯಾಪಾರಿಗಳಿಗೂ ಎರಡು ಸುಲಭೋಪಾಯಗಳು ತೋಚುವುದುಂಟು: ಒಂದು, ನಡೆದುದನ್ನು ಮುಚ್ಚಿಡುವುದು; ಇನ್ನೊಂದು, ಜಾಹೀರಾತನ್ನು ಹೆಚ್ಚಿಸುವುದು. ಎರಡೂ ಹುಸಿಯಾದ ಮದ್ದುಗಳು. ಮುಚ್ಚಿಟ್ಟ ಸುದ್ದಿ ಇಮ್ಮಡಿಯಾಗಿ ಹೊರಬೀಳುತ್ತದೆ. ಜಾಹೀರಾತು ಅತಿಥಿಯನ್ನು ಒಮ್ಮೆ ಕರೆತರಬಲ್ಲುದು. ಎರಡನೆಯ ಸಲ ಬರುವಂತೆ ಮಾಡುವುದು ನಡತೆಯೊಂದೇ. ಕತ್ತಲ ದಾರಿಗೆ ದೀಪ, ಕರೆದಾಗ ಓಗೊಡುವ ಪೊಲೀಸು, ಶುಚಿಯಾದ ಶೌಚಾಲಯ, ನ್ಯಾಯವಾದ ಬಾಡಿಗೆ, ಇವು ಯಾವ ಉತ್ಸವಕ್ಕಿಂತಲೂ ಮಿಗಿಲಾದ ಪ್ರಚಾರ.

ಇನ್ನೊಂದು ಮಾತನ್ನೂ ಮರೆಯಲಾಗದು. 2011ರಲ್ಲಿ ಹಂಪೆ ಬಜಾರಿನ ಮಂಟಪಗಳಲ್ಲಿ ನೆಲೆಸಿದ್ದವರನ್ನು ತೆರವುಗೊಳಿಸಲಾಯಿತು. ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಮೇರೆಗೆ 2020ರ ಮಾರ್ಚಿಯಲ್ಲಿ ವಿರುಪಾಪುರ ಗಡ್ಡೆಯ ವಸತಿಗೃಹಗಳು ನೆಲಸಮವಾದವು. ಸ್ಮಾರಕಗಳ ರಕ್ಷಣೆ ಅಗತ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹೆಸರಿನ ಫಲದಲ್ಲಿ ಪಾಲಿಲ್ಲದವನು ಆ ಹೆಸರನ್ನು ಏಕೆ ಕಾಯ್ದಾನು? ಊರಿನವರನ್ನು ಅಡ್ಡಿಯೆಂದೆಣಿಸುವ ಯೋಜನೆ ಕಾವಲುಗಾರರನ್ನೇ ಕಳೆದುಕೊಳ್ಳುತ್ತದೆ. ಬದಲಿ ನೆಲೆ, ಬದಲಿ ಜೀವನೋಪಾಯ, ಆಡಳಿತದಲ್ಲಿ ಒಂದು ದನಿ, ಇಷ್ಟನ್ನಾದರೂ ಅವರಿಗೆ ಕೊಡಬೇಕಾದುದು ನ್ಯಾಯ; ಅದು ವಿವೇಕವೂ ಹೌದು.

ಹಂಪೆಗೆ ಪತ್ರಿಕೆಗಳು ಕೊಡದ, ಕಸಿಯಲಾರದ ಹೆಸರೊಂದುಂಟು. ವಿರೂಪಾಕ್ಷನ ರಥೋತ್ಸವಕ್ಕೆ ಬುತ್ತಿ ಕಟ್ಟಿಕೊಂಡು ಬರುವ ಹಳ್ಳಿಯ ಜನ ಯಾವ ಪಟ್ಟಿಯನ್ನೂ ನೋಡಿ ಬರುವವರಲ್ಲ. ತಲೆಮಾರುಗಳ ನಂಬಿಕೆಯಿಂದ ಗಳಿಸಿದ ಹೆಸರು ಬೇಗ ಬಾಡದು. ಪ್ರವಾಸೋದ್ಯಮ ಕಲಿಯಬೇಕಾದ ಪಾಠ ಅಲ್ಲಿದೆ.

ಆ ಪಾಠ ಶಾಲೆಗಳಿಗೂ ಸಲ್ಲುತ್ತದೆ. ನಾಡಿನ ನಾನಾ ಕಡೆಗಳಿಂದ ಪ್ರತಿವರ್ಷ ಮಕ್ಕಳು ಅಧ್ಯಾಪಕರೊಡನೆ ಹಂಪೆಗೆ ಹೋಗುತ್ತಾರೆ. ಇಸವಿಗಳನ್ನು ಬಾಯಿಪಾಠ ಮಾಡಿಸುವುದರೊಂದಿಗೆ, ಕಲ್ಲಿನ ಮೇಲೆ ತನ್ನ ಹೆಸರನ್ನು ಗೀಚುವ ಹುಡುಗ ಊರಿನ ಹೆಸರನ್ನೇ ಅಳಿಸುತ್ತಾನೆಂಬುದನ್ನು ಅವನಿಗೆ ತಿಳಿಸಿದರೆ, ಪ್ರವಾಸದ ವೆಚ್ಚ ಸಾರ್ಥಕವಾದಂತೆ.