ಸ್ನೇಹವೂ ಒಂದು ಸಾಧನೆ

ಮತಧರ್ಮವೆಂದರೆ ದೇವರಿಗೂ ತನಗೂ ಮಾತ್ರ ಸಂಬಂಧಿಸಿದ ವಿಷಯ, ಸ್ನೇಹವೆಂದರೆ ಸಂಜೆಯ ಹೊತ್ತು ಕಳೆಯುವ ಉಪಾಯ ಎಂದು ಭಾವಿಸುವವರು ನಮ್ಮಲ್ಲಿ ಬಹುಮಂದಿ. ಮೊದಲನೆಯದಕ್ಕೆ ದೇವಾಲಯವಿದೆ, ಎರಡನೆಯದಕ್ಕೆ ಕಾಲೇಜಿನ ಕಟ್ಟೆಯಿದೆ, ಕಾಫಿ ಹೋಟೆಲಿದೆ. ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧವೆಂದು ಕೇಳುವುದು ಸಹಜವೇ. ಆದರೆ ಇವೆರಡನ್ನೂ ಬೇರೆ ಬೇರೆ ಗೂಟಗಳಿಗೆ ಕಟ್ಟಿಹಾಕಿದುದರಿಂದಲೇ ಎರಡೂ ಬಡವಾಗಿವೆಯೆಂಬುದು ನನ್ನ ಅಭಿಪ್ರಾಯ. ಭಕ್ತಿಯು ನೆರೆಯವನನ್ನು ಮರೆತರೆ ಒಣ ಆಚಾರವಾಗುತ್ತದೆ. ಸ್ನೇಹವು ಬಾಳಿನ ಗುರಿಯನ್ನು ಮರೆತರೆ ಬರಿಯ ಹರಟೆಯಾಗುತ್ತದೆ. ಕಥೋಲಿಕ ಕ್ರೈಸ್ತರ ಬಾಳಿನಿಂದ ಕೆಲವು ಉದಾಹರಣೆಗಳನ್ನು ಎತ್ತಿಕೊಂಡು ಈ ಮಾತನ್ನು ವಿವರಿಸಲು ಯತ್ನಿಸುತ್ತೇನೆ. ಉದಾಹರಣೆಗಳು ಒಂದು ಮತಕ್ಕೆ ಸೇರಿದವಾದರೂ ಪ್ರಶ್ನೆ ನಮ್ಮೆಲ್ಲರದು.

ಭಾನುವಾರದ ಬಲಿಪೂಜೆಯನ್ನೇ ತೆಗೆದುಕೊಳ್ಳೋಣ. ಪರಮಪ್ರಸಾದವನ್ನು ಸ್ವೀಕರಿಸುವ ಮುಂಚೆ ಸೇರಿದವರು ಒಬ್ಬರಿಗೊಬ್ಬರು ಶಾಂತಿಯನ್ನು ಕೋರುವ ಕ್ರಮವೊಂದುಂಟು. ನಮ್ಮ ದೇಶದಲ್ಲಿ ಇದು ಸಾಮಾನ್ಯವಾಗಿ ಕೈಮುಗಿದು ತಲೆಬಾಗುವುದರ ಮೂಲಕ ನಡೆಯುತ್ತದೆ. ಪಕ್ಕದಲ್ಲಿ ನಿಂತವನು ಪ್ರಾಣಸ್ನೇಹಿತನಾಗಿರಬಹುದು, ಬೇಲಿಯ ವಿಷಯಕ್ಕೆ ಜಗಳವಾಡಿದ ನೆರೆಮನೆಯವನೂ ಆಗಿರಬಹುದು. ಮತ್ತಾಯನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಯೇಸುಸ್ವಾಮಿಯ ಒಂದು ಬೋಧೆಯಿದೆ. ಕಾಣಿಕೆಯನ್ನು ತಂದವನಿಗೆ ಪೀಠದ ಮುಂದೆ ನಿಂತಾಗ ತನ್ನ ಸೋದರನಿಗೆ ತನ್ನ ಮೇಲೆ ದೂರಿದೆಯೆಂಬುದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕು ಎಂಬುದೇ ಅದರ ಸಾರಾಂಶ. ಇದರಲ್ಲಿ ಒಂದು ಸೂಕ್ಷ್ಮವಿದೆ. ನಮಗೆ ಅವನ ಮೇಲೆ ಮುನಿಸಿದ್ದರೆ ಎಂದಲ್ಲ, ಅವನಿಗೆ ನಮ್ಮ ಮೇಲೆ ದೂರಿದ್ದರೆ ಎಂದು! ನಮ್ಮ ಮನಸ್ಸು ಶುಭ್ರವಾಗಿದೆಯೆಂದು ನಾವೇ ತೀರ್ಪು ಕೊಟ್ಟುಕೊಂಡರೆ ಸಾಲದು. ಎದುರಿನವನ ನೋವಿನ ಲೆಕ್ಕವನ್ನೂ ನೋಡಬೇಕು.

ಪಾಪನಿವೇದನೆಯ ವಿಷಯವೂ ಹೀಗೆಯೇ. ಗುರುಗಳ ಕಿವಿಯಲ್ಲಿ ಹೇಳಿಕೊಂಡು ಕ್ಷಮೆ ಪಡೆದರೆ ಎಲ್ಲವೂ ಮುಗಿಯಿತೆಂದು ಹೊರಗಿನವರು ತಿಳಿಯುವುದುಂಟು. ಒಳಗಿನವರಲ್ಲಿಯೂ ಹಾಗೆ ತಿಳಿದವರಿಲ್ಲದಿಲ್ಲ. ಆದರೆ ಧರ್ಮಸಭೆಯ ಬೋಧನೆ ಅಷ್ಟು ಅಗ್ಗವಾದುದಲ್ಲ. ಕದ್ದವನು ಕದ್ದುದನ್ನು ಹಿಂದಿರುಗಿಸಬೇಕು. ಇನ್ನೊಬ್ಬನ ಹೆಸರಿಗೆ ಮಸಿ ಬಳಿದವನು ಆ ಮಸಿಯನ್ನು ತನ್ನಿಂದಾದಷ್ಟು ತೊಳೆಯಬೇಕು. ಹಣವನ್ನು ಹಿಂದಿರುಗಿಸುವುದು ಸುಲಭ. ಹಾಸ್ಟೆಲಿನ ಪಡಸಾಲೆಯಲ್ಲಿ ನಗುತ್ತ ಹರಡಿದ ಒಂದು ಸುಳ್ಳನ್ನು ಹತ್ತು ಬಾಯಿಗಳಿಂದ ಹಿಂದಕ್ಕೆ ಪಡೆಯುವುದು ಎಷ್ಟು ಕಷ್ಟವೆಂಬುದನ್ನು ವಿದ್ಯಾರ್ಥಿಗಳಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಸ್ನೇಹವು ಮನುಷ್ಯನನ್ನು ಹೇಗೆ ಬೆಳೆಸಬಲ್ಲುದೆಂಬುದಕ್ಕೆ ಪ್ಯಾರಿಸ್ ನಗರದ ಒಂದು ಕೊಠಡಿಯ ಕಥೆಗಿಂತ ಹೆಚ್ಚಿನ ನಿದರ್ಶನ ನಮಗೆ ಬೇಕಾಗಿಲ್ಲ. ಅದು ರಾಜರ ಅರಮನೆಯ ಕೊಠಡಿಯಲ್ಲ. ಸೇಂತ್ ಬಾರ್ಬ್ ಎಂಬ ಕಾಲೇಜಿನ ವಿದ್ಯಾರ್ಥಿಗಳ ಕೊಠಡಿ. 1529ರಲ್ಲಿ ಅಲ್ಲಿ ಮೂವರು ಒಟ್ಟುಗೂಡಿದರು. ಒಬ್ಬರು ಸವಾಯ್ ಪ್ರಾಂತದ ಪೀಟರ್ ಫೇಬರ್, ಬಾಲ್ಯದಲ್ಲಿ ಕುರಿ ಕಾಯ್ದವರು. ಇನ್ನೊಬ್ಬರು ನವಾರದ ಶ್ರೀಮಂತ ಮನೆತನದ ಫ್ರಾನ್ಸಿಸ್ ಝೇವಿಯರ್, ದೊಡ್ಡ ಪದವಿಗಳ ಕನಸು ಕಂಡವರು. ಇಬ್ಬರೂ 1506ರ ಏಪ್ರಿಲ್ ತಿಂಗಳಿನಲ್ಲಿಯೇ ಹುಟ್ಟಿದವರು. ಮೂರನೆಯವರಾದ ಲೊಯೋಲದ ಇಗ್ನೇಷಿಯಸರಿಗೆ ಆಗಲೇ ಮೂವತ್ತೆಂಟರ ಸುಮಾರು. ಅವರು ಹಿಂದೆ ಯೋಧರಾಗಿದ್ದು 1521ರಲ್ಲಿ ಪಾಂಪ್ಲೋನದ ಕಾಳಗದಲ್ಲಿ ಕಾಲು ಮುರಿದುಕೊಂಡು, ಆ ಬಳಿಕ ಮನಸ್ಸು ತಿರುಗಿ ವಿದ್ಯಾಭ್ಯಾಸಕ್ಕೆ ಬಂದವರು. ಆ ಹೋರಾಟದಲ್ಲಿ ಝೇವಿಯರರ ಅಣ್ಣಂದಿರು ಎದುರುಪಕ್ಷದವರಾಗಿದ್ದರು! ವಯಸ್ಸು, ಸ್ಥಿತಿಗತಿ, ಊರು, ಹಳೆಯ ವೈರ, ಯಾವುದರಲ್ಲಿಯೂ ಹೊಂದಿಕೆಯಿಲ್ಲದ ಮೂವರು ಹೀಗೆ ಒಂದೇ ಸೂರಿನಡಿಗೆ ಬಂದರು.

ಫೇಬರರು ತತ್ತ್ವಶಾಸ್ತ್ರದ ಪಾಠದಲ್ಲಿ ಇಗ್ನೇಷಿಯಸರಿಗೆ ನೆರವಾದರು. ಹಿರಿಯನು ಕಿರಿಯನ ಮುಂದೆ ಕುಳಿತು ಅರಿಸ್ಟಾಟಲನನ್ನು ಕಲಿತನು. ಫೇಬರರ ಮನಸ್ಸನ್ನು ಪಾಪಭೀತಿಯೂ ಸಂಶಯಗಳೂ ಹಣ್ಣುಮಾಡುತ್ತಿದ್ದವು. ಅದರಲ್ಲಿ ಅವರಿಗೆ ದಾರಿ ತೋರಿದವರು ಇಗ್ನೇಷಿಯಸರು. ಅದೂ ಅವಸರದಿಂದಲ್ಲ. ತಾವು ರೂಪಿಸಿದ ಆಧ್ಯಾತ್ಮಿಕ ಸಾಧನೆಯನ್ನು ಫೇಬರರಿಂದ ಮಾಡಿಸಲು ಅವರು ವರ್ಷಗಳೇ ಕಾದರು. ಝೇವಿಯರರನ್ನು ಒಲಿಸಿಕೊಳ್ಳುವುದಂತೂ ಇನ್ನೂ ಕಷ್ಟವಾಯಿತು. ಕೊನೆಗೆ 1534ರ ಆಗಸ್ಟ್ 15ರಂದು ಮೊಂಮಾರ್ತ್ರ ಗುಡ್ಡದ ಚಿಕ್ಕ ಪ್ರಾರ್ಥನಾಮಂದಿರವೊಂದರಲ್ಲಿ ಏಳು ಮಂದಿ ಗೆಳೆಯರು ವ್ರತ ತೊಟ್ಟರು. 1540ರಲ್ಲಿ ಪೋಪರ ಅನುಮತಿ ಪಡೆದ ಯೇಸುಸಭೆಗೆ ಮೂಲ ಇದೇ. ಲೋಕದ ನಾನಾ ಕಡೆಗಳಲ್ಲಿ ಕಾಲೇಜುಗಳನ್ನು ಕಟ್ಟಿದ ಒಂದು ಸಂಸ್ಥೆಯು ವಿದ್ಯಾರ್ಥಿಗಳ ಕೊಠಡಿಯೊಂದರಲ್ಲಿ ಮೊಳೆಯಿತೆಂಬುದು ನಮ್ಮಂತಹ ವಿದ್ಯಾರ್ಥಿಗಳಿಗೆ ಹೆಮ್ಮೆಯ ಸಂಗತಿಯಲ್ಲವೆ?

ಇಗ್ನೇಷಿಯಸರು ತಮ್ಮವರಿಗೆ ಕಲಿಸಿದ ಒಂದು ಅಭ್ಯಾಸವು ಇಲ್ಲಿ ನೆನೆಯತಕ್ಕುದು. ದಿನದ ನಡುವೆ ಮತ್ತು ದಿನದ ಕೊನೆಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಅಂತಃಕರಣವನ್ನು ಪರೀಕ್ಷಿಸಿಕೊಳ್ಳುವುದೇ ಅದು. ಪಡೆದ ಉಪಕಾರಗಳಿಗಾಗಿ ಕೃತಜ್ಞತೆ, ಬೆಳಕಿಗಾಗಿ ಪ್ರಾರ್ಥನೆ, ಕಳೆದ ಗಂಟೆಗಳ ವಿಮರ್ಶೆ, ತಪ್ಪಿಗಾಗಿ ಕ್ಷಮೆ, ನಾಳೆಗಾಗಿ ಸಂಕಲ್ಪ ಎಂದು ಅದಕ್ಕೆ ಐದು ಮೆಟ್ಟಿಲುಗಳು. ಮೊದಲನೆಯ ಮೆಟ್ಟಿಲು ಕೃತಜ್ಞತೆಯಾಗಿರುವುದನ್ನು ನೋಡಿ. ತನ್ನ ದೋಷಗಳ ಪಟ್ಟಿಯಿಂದಲೇ ಆರಂಭಿಸುವವನು ಬೇಗನೆ ಕುಗ್ಗುತ್ತಾನೆ. ಪಡೆದುದನ್ನು ಮೊದಲು ನೆನೆದವನಿಗೆ ತಿದ್ದಿಕೊಳ್ಳುವ ಧೈರ್ಯ ಬರುತ್ತದೆ. ಒಳ್ಳೆಯ ಸ್ನೇಹಿತನು ಹೊರಗಿನಿಂದ ಮಾಡುವ ಕೆಲಸವೂ ಇದೇ. ಅವನು ನಮ್ಮ ಗುಣವನ್ನು ಕಂಡವನಾದುದರಿಂದ ಅವನ ಬಾಯಿಂದ ನಮ್ಮ ದೋಷವನ್ನು ಕೇಳಬಹುದು.

1541ರಲ್ಲಿ ಝೇವಿಯರರು ಲಿಸ್ಬನ್ನಿನಿಂದ ಹಡಗು ಹತ್ತಿ 1542ರ ಮೇ ತಿಂಗಳಿನಲ್ಲಿ ಗೋವೆಯನ್ನು ಮುಟ್ಟಿದರು. ರೋಮಿನಲ್ಲಿದ್ದ ಇಗ್ನೇಷಿಯಸರನ್ನು ಅವರು ಮತ್ತೆ ಕಾಣಲಿಲ್ಲ. ಪತ್ರವೊಂದು ಕೈಸೇರಲು ವರುಷ ಹಿಡಿಯುತ್ತಿದ್ದ ಕಾಲವದು. ಗೆಳೆಯರಿಂದ ಬಂದ ಕಾಗದಗಳಲ್ಲಿನ ಸಹಿಗಳನ್ನು ಕತ್ತರಿಸಿಕೊಂಡು ಸದಾ ತಮ್ಮೊಡನೆ ಇಟ್ಟುಕೊಂಡಿರುವುದಾಗಿ ಅವರು 1546ರಲ್ಲಿ ಬರೆದರು. 1552ರ ಡಿಸೆಂಬರ್ 3ರಂದು ಚೀನದ ಕರಾವಳಿಯ ಶಾಂಗ್‌ಚುವಾನ್ ದ್ವೀಪದಲ್ಲಿ ಅವರು ತೀರಿಕೊಂಡರು. ಆ ಸುದ್ದಿ ತಿಳಿಯದ ಇಗ್ನೇಷಿಯಸರು 1553ರ ಜೂನ್ ತಿಂಗಳಿನಲ್ಲಿ, ಹಿಂದಿರುಗಿ ಬಾ ಎಂದು ಅವರಿಗೆ ಪತ್ರ ಬರೆದರು! ಈಗ ಕೈಯಲ್ಲಿರುವ ಫೋನಿನಿಂದ ಕ್ಷಣದಲ್ಲಿ ಸುದ್ದಿ ಮುಟ್ಟಿಸುವ ನಾವು ಪಕ್ಕದ ಮಂಚದ ಗೆಳೆಯನ ಕಷ್ಟವನ್ನು ತಿಂಗಳುಗಟ್ಟಲೆ ಅರಿಯದಿರುವುದುಂಟು. ದೂರವನ್ನು ಅಳೆಯಬೇಕಾದುದು ಮೈಲಿಗಳಿಂದಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ನನ್ನ ಲೇಖನವು ಬರಿಯ ಸ್ತುತಿಯಾದೀತು. ಅದೇ 1546ರಲ್ಲಿ ಝೇವಿಯರರು ಪೋರ್ತುಗಲ್ಲಿನ ದೊರೆಗೆ ಇನ್ನೊಂದು ಪತ್ರ ಬರೆದು ಗೋವೆಯಲ್ಲಿ ಮತವಿಚಾರಣೆಯ ನ್ಯಾಯಾಲಯವನ್ನು ಸ್ಥಾಪಿಸಬೇಕೆಂದು ಕೋರಿದರು. ಅವರ ಮರಣಾನಂತರ, 1560ರಲ್ಲಿ ಅದು ಸ್ಥಾಪನೆಯಾಯಿತು. ಅದರಿಂದ ಆದ ಹಿಂಸೆಯನ್ನು ಚರಿತ್ರೆ ಮರೆತಿಲ್ಲ. ಗೆಳೆಯರ ಸಹಿಗಳನ್ನು ಜೋಪಾನಮಾಡಿದ ಕೈಯೇ ಈ ಕೋರಿಕೆಯನ್ನೂ ಬರೆಯಿತು. ತನ್ನವರ ಮೇಲಿನ ಪ್ರೀತಿಯು ಎಷ್ಟೇ ಆಳವಾಗಿದ್ದರೂ ಅದು ತನ್ನವರಲ್ಲದವರ ಬಳಿಗೆ ತಾನಾಗಿಯೇ ಹರಿಯುವುದಿಲ್ಲವೆಂಬ ಪಾಠವನ್ನು ನಾವು ಇದರಿಂದ ಕಲಿಯಬೇಕು. ಕಥೋಲಿಕ ಸಭೆಯೂ ಈ ದಾರಿಯಲ್ಲಿ ಬಹುದೂರ ನಡೆದು ಬಂದಿದೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು, ಇತರ ಮತಗಳಲ್ಲಿರುವ ಸತ್ಯವಾದುದನ್ನೂ ಪವಿತ್ರವಾದುದನ್ನೂ ತಾನು ತಿರಸ್ಕರಿಸುವುದಿಲ್ಲವೆಂದು ಘೋಷಿಸಿತು. ಅದೇ ವರ್ಷದ ಡಿಸೆಂಬರ್ 7ರಂದು, ಮತದ ವಿಷಯದಲ್ಲಿ ಯಾರನ್ನೂ ಬಲಾತ್ಕರಿಸಕೂಡದೆಂದು ಸಾರಿತು.

ಆದುದರಿಂದ ಬೇರೆ ಮತದ ಸ್ನೇಹಿತರ ವಿಷಯದಲ್ಲಿ ನನ್ನ ನಿಲುವು ಇಷ್ಟೆ. ಸ್ನೇಹವನ್ನು ಬಲೆಯಾಗಿ ಬೀಸುವುದು ಸ್ನೇಹಕ್ಕೂ ದ್ರೋಹ, ಧರ್ಮಕ್ಕೂ ದ್ರೋಹ. ಹಾಗೆಂದು ನಂಬಿಕೆಯನ್ನು ಮುಚ್ಚಿಟ್ಟುಕೊಂಡು ನಗುವುದೂ ಪೂರ್ಣ ಸ್ನೇಹವಲ್ಲ. ತಪಸ್ಸುಕಾಲದ ಶುಕ್ರವಾರದಂದು ಒಬ್ಬನು ಮಾಂಸವನ್ನು ಏಕೆ ಬಿಡುತ್ತಾನೆ, ಏಕಾದಶಿಯಂದು ಇನ್ನೊಬ್ಬನು ಅನ್ನವನ್ನು ಏಕೆ ಬಿಡುತ್ತಾನೆ, ರಂಜಾನಿನಲ್ಲಿ ಮತ್ತೊಬ್ಬನು ಹಗಲೆಲ್ಲ ನೀರನ್ನೂ ಏಕೆ ಮುಟ್ಟುವುದಿಲ್ಲ ಎಂಬುದನ್ನು ಒಬ್ಬರಿಗೊಬ್ಬರು ಕೇಳಿ ತಿಳಿಯುವಷ್ಟು ಸಲಿಗೆ ಇರಬೇಕು. ಕೇಳುವವನಲ್ಲಿ ಕುಚೋದ್ಯವಿರಕೂಡದು, ಹೇಳುವವನಲ್ಲಿ ಗೆಲ್ಲುವ ಹಟವಿರಕೂಡದು.

ಸ್ವಭಾವವೇ ಹೊಂದದವರೊಡನೆ ಇದೆಲ್ಲ ಹೇಗೆ ಸಾಧ್ಯವೆಂದು ಕೆಲವರು ಕೇಳಬಹುದು. ಫ್ರಾನ್ಸಿನ ಲಿಸಿಯ ಎಂಬ ಊರಿನ ಮಠವನ್ನು ಹದಿನೈದನೆಯ ವಯಸ್ಸಿನಲ್ಲಿ ಸೇರಿ, 1897ರಲ್ಲಿ ಇಪ್ಪತ್ತನಾಲ್ಕನೆಯ ವಯಸ್ಸಿಗೇ ತೀರಿಕೊಂಡ ಸಂತ ತೆರೇಸರ ಬಾಳಿನಲ್ಲಿ ಇದಕ್ಕೆ ಉತ್ತರವಿದೆ. ಆ ಮಠದಲ್ಲಿ ಒಬ್ಬ ಸನ್ಯಾಸಿನಿಯ ನಡೆನುಡಿ ಯಾವುದೂ ಅವರಿಗೆ ಹಿಡಿಸುತ್ತಿರಲಿಲ್ಲ. ತೆರೇಸರು ಅವರಿಗಾಗಿ ಪ್ರಾರ್ಥಿಸಿದರು, ಕೈಲಾದ ಸಹಾಯ ಮಾಡಿದರು, ಕಟುಮಾತು ನಾಲಗೆಗೆ ಬಂದಾಗ ನಕ್ಕು ಸುಮ್ಮನಾದರು. ಕೊನೆಗೆ ಆ ಸನ್ಯಾಸಿನಿಯೇ, ನನ್ನಲ್ಲಿ ನಿಮ್ಮನ್ನು ಇಷ್ಟೊಂದು ಸೆಳೆಯುವುದು ಏನೆಂದು ಕೇಳಿದರಂತೆ! ಇದು ಕಪಟವಲ್ಲವೆ ಎಂಬ ಆಕ್ಷೇಪ ಬರಬಹುದು. ಲಾಭಕ್ಕಾಗಿ ನಗುವುದು ಕಪಟ. ತನ್ನ ಒರಟುತನವನ್ನು ಗೆಲ್ಲುವುದಕ್ಕಾಗಿ ನಗುವುದು ಸಾಧನೆ. ರುಚಿಸಿದವರನ್ನು ಮಾತ್ರ ಪ್ರೀತಿಸುವುದಕ್ಕೆ ಯಾವ ಧರ್ಮವೂ ಬೇಕಾಗಿಲ್ಲ.

ನಮ್ಮ ಹಾಸ್ಟೆಲುಗಳಲ್ಲಿ ವರ್ಷಾರಂಭದಲ್ಲಿ ಕೊಠಡಿಯ ಜೊತೆಗಾರರನ್ನು ಆರಿಸಿಕೊಳ್ಳುವಾಗ ಒಂದೇ ಊರಿನವರು, ಒಂದೇ ಜಾತಿಯವರು, ಒಂದೇ ಮತದವರು ಒಟ್ಟಿಗೆ ಸೇರಿಕೊಳ್ಳುವುದನ್ನು ಎಲ್ಲರೂ ಬಲ್ಲರು. ಅದರಿಂದ ಅನುಕೂಲವಿರಬಹುದು, ಬೆಳವಣಿಗೆಯಿಲ್ಲ. ಮೂರು ವರ್ಷ ಓದಿ ಪದವಿ ಪಡೆದು, ತನ್ನ ಮನೆಯ ಜಗುಲಿಯ ಮಾತನ್ನಲ್ಲದೆ ಬೇರೇನನ್ನೂ ಕೇಳದೆ ಹಿಂದಿರುಗುವವನು ಊರು ಬಿಟ್ಟು ಬಂದುದಾದರೂ ಏಕೆ? ಸೇಂತ್ ಬಾರ್ಬಿನ ಆ ಕೊಠಡಿಯಲ್ಲಿ ಕುರಿ ಕಾಯ್ದವರೂ ಶ್ರೀಮಂತರೂ ಗಾಯಗೊಂಡ ಯೋಧರೂ ತಂತಮ್ಮ ಕಡೆಯವರೊಡನೆಯೇ ಇದ್ದುಬಿಟ್ಟಿದ್ದರೆ ಮೂವರೂ ಪದವೀಧರರಾಗುತ್ತಿದ್ದರು, ಅಷ್ಟೆ. ಬರುವ ವರ್ಷ ಕೊಠಡಿಯ ಅರ್ಜಿಯಲ್ಲಿ ಜೊತೆಗಾರರ ಹೆಸರು ಬರೆಯುವಾಗ ನಮ್ಮಂತಲ್ಲದ ಒಬ್ಬನ ಹೆಸರನ್ನೂ ಬರೆಯೋಣ. ದೇವಾಲಯದಲ್ಲಿ, ಮಸೀದಿಯಲ್ಲಿ, ಗುಡಿಯಲ್ಲಿ ನಾವು ಕಲಿತದ್ದು ನಿಜವೋ ಸುಳ್ಳೋ ಎಂಬುದು ಆ ಕೊಠಡಿಯಲ್ಲಿ ಗೊತ್ತಾಗುತ್ತದೆ.