ಪರ್ವತಯಾತ್ರೆಗೆ ತಕ್ಕ ಕಾಲ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಹಿಮಾಲಯದ ಎತ್ತರದ ಹಾದಿಗಳನ್ನು ಕಾಲ್ನಡಿಗೆಯಿಂದ ಏರಬೇಕೆಂಬ ಆಸೆಯು ಹೆಚ್ಚುತ್ತಿರುವುದು ಸಂತೋಷಕರವಾದ ಸಂಗತಿಯೇ ಸರಿ. 1984ನೆಯ ಇಸವಿ ಮೇ 23ರಂದು ಬಚೇಂದ್ರಿ ಪಾಲ್ ಅವರು ಎವರೆಸ್ಟ್ ಶಿಖರವನ್ನು ಮುಟ್ಟಿ, ಆ ಗೌರವವನ್ನು ಪಡೆದ ಭಾರತೀಯ ಸ್ತ್ರೀಯರಲ್ಲಿ ಮೊದಲಿಗರಾದರು. ಅಂದಿನಿಂದ ಪರ್ವತಾರೋಹಣವು ಹೆಂಗಸರಿಗೆ ಹೇಳಿದ್ದಲ್ಲವೆಂಬ ಮಾತಿಗೆ ಎಡೆಯೇ ಇಲ್ಲವಾಯಿತು. ಈಗ ಉಳಿದಿರುವ ಪ್ರಶ್ನೆಯು ಯಾವ ಕಾಲದಲ್ಲಿ ಹೋಗತಕ್ಕದ್ದೆಂಬುದು. ಬಹುಮಂದಿ ಇದಕ್ಕೆ ರಜೆಯ ಪಟ್ಟಿಯನ್ನು ನೋಡಿ ಉತ್ತರ ಹೇಳುತ್ತಾರೆ. ಪರ್ವತವನ್ನು ನೋಡಿ ಹೇಳಬೇಕೆಂಬುದು ನಮ್ಮ ಅಭಿಪ್ರಾಯವು.

ನಮ್ಮ ಸೀಮೆಯ ಬೆಟ್ಟಗಳ ಅನುಭವವು ಅಲ್ಲಿ ಸಾಲದು. ಕರ್ನಾಟಕದಲ್ಲೆಲ್ಲ ಎತ್ತರವಾದ ಮುಳ್ಳಯ್ಯನಗಿರಿಯು 1,930 ಮೀಟರ್ ಮಾತ್ರ. ಮೇಲಕ್ಕೆ ಹೋದಂತೆ ಪ್ರತಿ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್‌ನಷ್ಟು ಶಾಖವು ಕುಗ್ಗುತ್ತದೆ. ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ ಒಂದೊಂದು ಉಸಿರಿಗೆ ದೊರೆಯುವ ಪ್ರಾಣವಾಯುವು ಸಮುದ್ರತೀರದಲ್ಲಿ ದೊರೆಯುವುದರ ಸುಮಾರು ಐದರಲ್ಲಿ ಮೂರು ಪಾಲು. ಇಲ್ಲಿ ಮಳೆಯಾಗಿ ಬೀಳುವುದು ಅಲ್ಲಿ ಹಿಮವಾಗಿ ಬೀಳುತ್ತದೆ. ಇಲ್ಲಿ ನೆಗಡಿಯನ್ನು ತರುವ ಗಾಳಿಯು ಅಲ್ಲಿ ಪ್ರಾಣವನ್ನೇ ಕೇಳುತ್ತದೆ.

ಉತ್ತರಾಖಂಡದ ಪರ್ವತಗಳನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಮೇ ಮತ್ತು ಜೂನ್ ತಿಂಗಳ ಮೊದಲ ಭಾಗದಲ್ಲಿ ಹಗಲು ದೀರ್ಘವಾಗಿದ್ದು, ತಗ್ಗಿನ ಇಳಿಜಾರುಗಳಲ್ಲಿ ಹೂಗಳು ಅರಳಿರುತ್ತವೆ. ಆದರೆ ಎತ್ತರದ ಕಣಿವೆದಾರಿಗಳಲ್ಲಿ ಚಳಿಗಾಲದ ಹಿಮವು ಇನ್ನೂ ಕರಗಿರುವುದಿಲ್ಲ. ಮಧ್ಯಾಹ್ನದ ತರುವಾಯ ಮೋಡ ಕವಿದು ಗುಡುಗು ಆಲಿಕಲ್ಲುಗಳು ಬರುವುದು ಸಾಮಾನ್ಯ. ಜೂನ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಳೆಗಾಲ. ಗುಡ್ಡಗಳು ಕುಸಿದು ದಾರಿಗಳು ಮುಚ್ಚಿಹೋಗುತ್ತವೆ. 2013ರ ಜೂನ್ 16 ಮತ್ತು 17ರಂದು ಕೇದಾರನಾಥದಲ್ಲಿ ನಡೆದ ಅನಾಹುತವನ್ನು ಯಾರೂ ಮರೆತಿಲ್ಲ. ಆದರೂ ಹೂಗಳ ಕಣಿವೆಯೆಂದು ಹೆಸರಾದ ಸ್ಥಳವು ತನ್ನ ಪೂರ್ಣ ಸೊಬಗನ್ನು ತೋರಿಸುವುದು ಜುಲೈ ಆಗಸ್ಟ್ ತಿಂಗಳುಗಳ ಮಳೆಯಲ್ಲಿಯೇ. ಸಸ್ಯಗಳನ್ನು ಸಂಗ್ರಹಿಸಲೆಂದು ಇಂಗ್ಲೆಂಡಿನಿಂದ ಬಂದ ಮಾರ್ಗರೆಟ್ ಲೆಗ್ ಎಂಬಾಕೆಯು 1939ರ ಜುಲೈ ತಿಂಗಳಲ್ಲಿ ಅಲ್ಲಿಯೇ ಇಳಿಜಾರಿನಲ್ಲಿ ಜಾರಿ ಬಿದ್ದು ತೀರಿಕೊಂಡಳು. ಆಕೆಯ ಸಮಾಧಿಯ ಕಲ್ಲಿನ ಮೇಲೆ ಕೀರ್ತನೆಗಳ ಗ್ರಂಥದ ವಾಕ್ಯವೊಂದನ್ನು ಕೊರೆದಿದೆ. ಹೀಗೆ ಉದ್ದೇಶವು ಬೇರೆಯಾದಂತೆ ಕಾಲವೂ ಬೇರೆಯಾಗುವುದು. ಮಳೆಯ ಮರೆಯಲ್ಲಿರುವ ಲಡಾಖಿಗಾದರೋ ಆ ತಿಂಗಳುಗಳೇ ಯೋಗ್ಯವು.

ಮೊದಲ ಸಲ ಹೋಗುವವರಿಗೆ ಮಳೆಯು ಹಿಂದಕ್ಕೆ ಸರಿದ ಬಳಿಕ, ಸೆಪ್ಟೆಂಬರ್ ಕಡೆಯ ಭಾಗದಿಂದ ಅಕ್ಟೋಬರ್ ಮಧ್ಯದವರೆಗಿನ ಕಾಲವೇ ಉತ್ತಮವೆಂದು ನಾವು ಹೇಳುತ್ತೇವೆ. ಆಗ ಗಾಳಿಯು ತೊಳೆದಂತೆ ನಿರ್ಮಲವಾಗಿ, ಶಿಖರಗಳು ಸ್ಪಷ್ಟವಾಗಿ ಕಾಣುತ್ತವೆ; ಹಾದಿಯು ಒಣಗಿ ಗಟ್ಟಿಯಾಗಿರುತ್ತದೆ. ರಾತ್ರಿಯ ಚಳಿಯು ತೀಕ್ಷ್ಣವಾದರೂ ತಕ್ಕ ಉಡುಪಿನಿಂದ ಅದನ್ನು ತಾಳಬಹುದು. ನಮ್ಮ ದಸರೆಯ ರಜೆಯು ಆ ದಿನಗಳಿಗೇ ಒದಗಿ ಬರುವುದುಂಟು. ಆ ರಜೆಯು ಚಿಕ್ಕದೆಂದು ಆಕ್ಷೇಪಿಸುವವರಿದ್ದಾರೆ. ಹಾಗಾದರೆ ಚಿಕ್ಕ ಹಾದಿಯನ್ನು ಆರಿಸಿಕೊಳ್ಳಬೇಕು. ದೊಡ್ಡ ಹಾದಿಯನ್ನು ಕಡಮೆ ದಿನಗಳಲ್ಲಿ ಮುಗಿಸಲು ಹೊರಡಬಾರದು.

ಆದರೂ ಒಳ್ಳೆಯ ಕಾಲವೆಂಬುದು ಯಾರಿಗೂ ಅಭಯಪತ್ರವಲ್ಲ. 2014ರ ಅಕ್ಟೋಬರ್ 14ರಂದು, ವರ್ಷದಲ್ಲೆಲ್ಲ ಶ್ರೇಷ್ಠವೆಂದು ಎಣಿಸುವ ಕಾಲದಲ್ಲಿಯೇ, ಹುದ್‌ಹುದ್ ಚಂಡಮಾರುತದ ಶೇಷವು ನೇಪಾಳದ ಅನ್ನಪೂರ್ಣಾ ಸೀಮೆಯ ಮೇಲೆ ಹಿಮವಾಗಿ ಸುರಿದು, 5,416 ಮೀಟರ್ ಎತ್ತರದ ಥೊರಾಂಗ್ ಕಣಿವೆದಾರಿಯ ಸುತ್ತಮುತ್ತ ನಲವತ್ತಕ್ಕೂ ಹೆಚ್ಚು ಜನರು ಮಡಿದರು. 2024ರ ಜೂನ್ ಮೊದಲ ವಾರದಲ್ಲಿ ಉತ್ತರಕಾಶಿ ಜಿಲ್ಲೆಯ ಸಹಸ್ರತಾಲಕ್ಕೆ ಹೋಗಿದ್ದ 22 ಜನರ ತಂಡವು ಹಿಮದ ಬಿರುಗಾಳಿಗೆ ಸಿಕ್ಕಿ, 9 ಮಂದಿ ಅಸುನೀಗಿದರು. ಆ ತಂಡದಲ್ಲಿದ್ದವರು ಬಹುಪಾಲು ನಮ್ಮ ಕರ್ನಾಟಕದವರೇ. ಗತಿಸಿದವರಲ್ಲಿ ನಮ್ಮ ತಾಯಂದಿರ ವಯಸ್ಸಿನ ಸ್ತ್ರೀಯರೂ ಇದ್ದರು. ಅವರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಅವರ ನೆನಪು ನಮ್ಮಲ್ಲಿ ವಿವೇಕವನ್ನು ಹುಟ್ಟಿಸಲಿ ಎಂಬುದೇ ನಮ್ಮ ಬಯಕೆ.

ಆದಕಾರಣ ತಿಂಗಳನ್ನು ಆರಿಸಿಕೊಂಡ ಮೇಲೆಯೂ ಆರಿಸತಕ್ಕದ್ದು ಬಹಳವಿದೆ. ಹೊರಡುವ ಮುನ್ನವೂ ದಾರಿಯಲ್ಲಿಯೂ ಹವಾಮಾನದ ಮುನ್ಸೂಚನೆಯನ್ನು ಕೇಳಬೇಕು. ಪ್ರತಿ ದಿನವೂ ನಸುಕಿನಲ್ಲಿ ಹೊರಟು ಮಧ್ಯಾಹ್ನದೊಳಗೆ ಬಿಡಾರವನ್ನು ಸೇರಬೇಕು. ಮೂರು ಸಾವಿರ ಮೀಟರನ್ನು ದಾಟಿದ ಮೇಲೆ ಮಲಗುವ ಸ್ಥಳವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚಾಗಿ ಏರಿಸದೆ, ಮೂರು ನಾಲ್ಕು ದಿನಗಳಿಗೊಮ್ಮೆ ವಿಶ್ರಮಿಸಬೇಕು. ಎಲ್ಲಕ್ಕೂ ಮಿಗಿಲಾಗಿ, ಎರಡು ದಿನಗಳನ್ನು ಸುಮ್ಮನೆ ಕೈಯಲ್ಲಿ ಇಟ್ಟುಕೊಂಡಿರಬೇಕು. ಹಿಂದಿರುಗುವ ರೈಲಿನ ಚೀಟಿಯು ಅವಸರಪಡಿಸುತ್ತಿರುವಾಗ ಮೋಡವನ್ನು ನೋಡಿ ತಡೆಯುವ ಧೈರ್ಯವು ಎಷ್ಟು ಜನರಿಗೆ ಇದ್ದೀತು?

ಇಲ್ಲಿ ಹೆತ್ತವರ ಕರ್ತವ್ಯವೂ ಉಂಟು. ಮಗಳನ್ನು ಕಳುಹಿಸಲು ಅಂಜುವ ತಂದೆತಾಯಿಗಳಿಗೆ ನಾವು ಹೇಳುವುದೇನಂದರೆ, ಆಕೆಯನ್ನು ತಡೆಯಬೇಡಿರಿ. ಆದರೆ ಹಣವನ್ನು ಕೊಡುವಾಗಲೇ ಒಂದು ಮಾತನ್ನೂ ಕೊಡಿರಿ: ತುದಿಯನ್ನು ಮುಟ್ಟದೆ ಅರ್ಧದಾರಿಯಿಂದ ಮರಳಿದರೂ ಮನೆಯಲ್ಲಿ ಯಾರೂ ಹಾಸ್ಯಮಾಡರು, ಖರ್ಚಾದ ಹಣದ ಲೆಕ್ಕವನ್ನು ಯಾರೂ ಎತ್ತರು. ಈ ಮಾತು ಆಕೆಯ ಕಿವಿಯಲ್ಲಿದ್ದರೆ, ಮೋಡ ಕವಿದಾಗ ಕೆಳಗಿಳಿಯುವುದು ಆಕೆಗೆ ಸುಲಭವಾಗುವುದು. ಪ್ರಿಯ ಸಹೋದರಿಯರೇ, ಪರ್ವತವು ಮುಂದಿನ ವರ್ಷವೂ ಅಲ್ಲಿಯೇ ಇರುವುದು. ನೀವೂ ಇರಬೇಕೆಂಬುದೇ ನಮ್ಮ ಪ್ರಾರ್ಥನೆ.